ಗಾಂಧೀಜಿಯವರ ಲಂಡನ್ ಕೈಪಿಡಿ

ಪರದೇಶಕ್ಕೆ ಮೊದಲ ಬಾರಿಗೆ ಹೊರಟವರಿಗೆ ಬುದ್ಧಿ ಹೇಳುವವರ ಕೊರತೆ ಯಾವ ಕಾಲದಲ್ಲಿಯೂ ಇದ್ದಂತೆ ತೋರುವುದಿಲ್ಲ. ಹೋಗಿ ಬಂದವರು ಹೇಳುತ್ತಾರೆ. ಹೋಗದವರು ಅವರಿಗಿಂತ ಹೆಚ್ಚಾಗಿ ಹೇಳುತ್ತಾರೆ. ಚಟ್ನಿಪುಡಿಯನ್ನು ಎಷ್ಟು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು, ಚಿಕ್ಕ ಕುಕ್ಕರನ್ನು ಯಾವ ಪೆಟ್ಟಿಗೆಯಲ್ಲಿಡಬೇಕು, ವಿಮಾನ ನಿಲ್ದಾಣದ ಅಧಿಕಾರಿ ಪ್ರಶ್ನೆ ಕೇಳಿದರೆ ಎಷ್ಟು ಉತ್ತರ ಹೇಳಿ ಸುಮ್ಮನಾಗಬೇಕು—ಬೆಂಗಳೂರಿನ ಯಾವ ಬಡಾವಣೆಯಲ್ಲಿ ಬೇಕಾದರೂ ಈ ಪಾಠವನ್ನು ಕೇಳಬಹುದು. ಇದೂ ಒಂದು ಬಗೆಯ ಸಾಹಿತ್ಯವೇ. ಆದರೆ ನಮ್ಮ ವಿಮರ್ಶಕರು ಪ್ರವಾಸ ಕಥನವನ್ನು ಪಂಕ್ತಿಯಲ್ಲಿ ಕೂರಿಸಿ, ಪ್ರವಾಸದ ಸಲಹೆಯನ್ನು ಜಗಲಿಯ ಮೇಲೆಯೇ ಬಿಟ್ಟಿದ್ದಾರೆ. ಸಲಹೆ ಹೇಳುವುದಕ್ಕೂ ಒಂದು ನೀತಿಯುಂಟು; ಅದರಲ್ಲಿಯೂ ಒಳ್ಳೆಯ ಬರೆಹ, ಕೆಟ್ಟ ಬರೆಹ ಎಂಬ ಭೇದವುಂಟು ಎಂದು ನನ್ನ ಎಣಿಕೆ. ಅದನ್ನು ಪರೀಕ್ಷಿಸಿ ನೋಡಲು, ಹೆಸರು ಕೇಳಿದರೆ ಯಾರೂ ತಳ್ಳಿಹಾಕಲಾರದ ಒಬ್ಬ ಲೇಖಕರ, ಬಹುಮಂದಿ ಓದಿರದ ಒಂದು ಪುಸ್ತಕವನ್ನು ಆರಿಸಿಕೊಂಡಿದ್ದೇನೆ.

ಪುಸ್ತಕದ ಹೆಸರು ‘ಗೈಡ್ ಟು ಲಂಡನ್’. ಬರೆದವರು ಮೋಹನದಾಸ ಕರಮಚಂದ ಗಾಂಧಿ. ಬ್ಯಾರಿಸ್ಟರಾಗಿ ಹಿಂದಿರುಗಿ, ಮುಂಬಯಿಯಲ್ಲಿಯೂ ರಾಜಕೋಟೆಯಲ್ಲಿಯೂ ವಕೀಲಿ ಕೈಹತ್ತದೆ, ದಕ್ಷಿಣ ಆಫ್ರಿಕಕ್ಕೆ ಹೋದ ಹೊಸದರಲ್ಲಿ, ಎಂದರೆ 1893–94ರ ಸುಮಾರಿನಲ್ಲಿ, ಅವರು ಇದನ್ನು ಇಂಗ್ಲಿಷಿನಲ್ಲಿ ಬರೆದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಅವರು ಬದುಕಿರುವವರೆಗೂ ಅದು ಅಚ್ಚಾಗಲಿಲ್ಲ. ಅವರ ಸಮಗ್ರ ಬರೆಹಗಳ ಮೊದಲ ಸಂಪುಟ 1958ರಲ್ಲಿ ಹೊರಬಂದಾಗ ಬೆಳಕು ಕಂಡಿತು. ಮಹಾತ್ಮರ ಬರೆಹವೆಂದು ಕೈಮುಗಿದು ಬಿಡಿಸಿದವರಿಗೆ ಅಲ್ಲಿ ಸಿಗುವುದು ಅಂಗಿ, ಕಾಲರು, ಮೇಲಂಗಿಗಳ ಪಟ್ಟಿ, ಅವುಗಳ ಬೆಲೆ, ಹಡಗಿನ ದರ್ಜೆ, ಬಾಡಿಗೆ ಕೊಠಡಿ ಹಿಡಿಯುವ ಬಗೆ, ಮಾಂಸವಿಲ್ಲದ ಊಟಕ್ಕೆ ತಗಲುವ ವೆಚ್ಚ. ಸತ್ಯ, ಅಹಿಂಸೆಗಳನ್ನು ಹುಡುಕಿಕೊಂಡು ಬಂದವರು ಪುಸ್ತಕವನ್ನು ಮಡಿಚಿಟ್ಟರೆ ಆಶ್ಚರ್ಯವಲ್ಲ. ನನಗಾದರೋ ಸತ್ಯದ ಪ್ರಶ್ನೆ ಆ ಬೆಲೆಪಟ್ಟಿಯಲ್ಲಿಯೇ ಇರುವಂತೆ ಕಾಣುತ್ತದೆ.

ಏಕೆಂದರೆ, ಆ ಕಾಲದಲ್ಲಿ ವಿಲಾಯಿತಿಗೆ ಹೋಗಿಬಂದವನು ಊರಿಗೆ ಒಂದು ಅದ್ಭುತ. ಅದ್ಭುತವಾಗಿ ಉಳಿಯಬೇಕಾದರೆ ಕೆಲವು ಸಂಗತಿಗಳನ್ನು ಹೇಳಬಾರದು. ಅಲ್ಲಿ ಎಷ್ಟು ಅಗ್ಗವಾಗಿ ಬದುಕಬಹುದೆಂಬುದನ್ನಂತೂ ಹೇಳಲೇಬಾರದು. ಗಾಂಧಿಯವರು ಈ ಗುಟ್ಟನ್ನು ಬಯಲಿಗೆ ತಂದರು. ಕೈಪಿಡಿಯಲ್ಲಿ ನಾಲ್ಕು ಪ್ರಕರಣಗಳಿವೆ: ಯಾರು ಇಂಗ್ಲೆಂಡಿಗೆ ಹೋಗಬೇಕು, ಹೊರಡುವ ಮೊದಲಿನ ಸಿದ್ಧತೆ, ಜೀವನದ ವೆಚ್ಚ, ಬ್ಯಾರಿಸ್ಟರಾಗಬಯಸುವವನಿಗೆ ತಿಳಿವಳಿಕೆ. ಕೊನೆಯದು ಇಂದಿನ ವಾಚಕರಿಗೆ ಬೇಸರದ ಭಾಗ, ಬಿಟ್ಟರೂ ನಷ್ಟವಿಲ್ಲ. ಮೊದಲನೆಯ ಪ್ರಶ್ನೆಯೇ ನೋಡಿ: ಹೇಗೆ ಹೋಗಬೇಕು ಎನ್ನುವ ಮೊದಲು ಯಾರು ಹೋಗಬೇಕು ಎಂದು ಅವರು ಕೇಳುತ್ತಾರೆ, ದೇಹಸ್ಥಿತಿ, ಹಣ, ವಯಸ್ಸು ಇವುಗಳನ್ನು ತೂಗಿ ನೋಡುತ್ತಾರೆ. ಇಂದಿನ ಪ್ರವಾಸದ ಏಜೆಂಟರಾಗಲಿ, ಪರದೇಶದ ಓದಿಗೆ ವಿದ್ಯಾರ್ಥಿಗಳನ್ನು ಸಾಗಹಾಕುವ ಸಂಸ್ಥೆಗಳಾಗಲಿ ಈ ಪ್ರಶ್ನೆಯಿಂದ ಆರಂಭ ಮಾಡಿದರೆ ಅವರ ಅಂಗಡಿ ನಡೆಯುವುದು ಕಷ್ಟ.

ಮೂರನೆಯ ಪ್ರಕರಣ ಪುಸ್ತಕದ ಪ್ರಾಣ. ಲಂಡನ್ನಿನಲ್ಲಿ ವಾರಕ್ಕೆ ಒಂದು ಪೌಂಡಿನಲ್ಲಿ ಒಬ್ಬ ವಿದ್ಯಾರ್ಥಿ ಮಾನವಾಗಿ ಬದುಕಬಹುದು ಎಂಬುದು ಅದರ ಪ್ರತಿಪಾದನೆ. ಬರಿಯ ಮಾತಿನ ಪ್ರತಿಪಾದನೆಯಲ್ಲ, ಲೆಕ್ಕ ಕೊಟ್ಟು ಹೇಳಿದ್ದು. ಮುಂದೆ ಆತ್ಮಕಥೆಯಲ್ಲಿ ಇದೇ ಸಂಗತಿ ಬರುತ್ತದೆ. ಎರಡು ಕೋಣೆಗಳನ್ನು ಬಿಟ್ಟು ಒಂದಕ್ಕೆ ಬಂದದ್ದು, ಒಂದು ಒಲೆ ಕೊಂಡು ಬೆಳಿಗ್ಗೆ ಓಟ್ಸಿನ ಗಂಜಿ ಮತ್ತು ಕೋಕೋ ತಾವೇ ಮಾಡಿಕೊಂಡದ್ದು, ಮಧ್ಯಾಹ್ನ ಹೊರಗೆ ಊಟ, ರಾತ್ರಿ ಮತ್ತೆ ಬ್ರೆಡ್ಡು–ಕೋಕೋ. ಹೀಗೆ ದಿನಕ್ಕೆ ಒಂದು ಶಿಲ್ಲಿಂಗು ಮೂರು ಪೆನ್ಸಿನಲ್ಲಿ ಸಾಗಿತು ಎನ್ನುತ್ತಾರೆ. ಹನ್ನೆರಡು ಪೆನ್ಸಿಗೆ ಒಂದು ಶಿಲ್ಲಿಂಗು, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು ಎಂಬ ಹಳೆಯ ಕೋಷ್ಟಕವನ್ನು ಹಿಡಿದು ನಾನು ಗುಣಿಸಿ ನೋಡಿದೆ: ವಾರಕ್ಕೆ 8 ಶಿಲ್ಲಿಂಗು 9 ಪೆನ್ಸು. ಪೌಂಡಿನಲ್ಲಿ ಇನ್ನೂ 11 ಶಿಲ್ಲಿಂಗು 3 ಪೆನ್ಸು ಬಾಡಿಗೆಗೆ, ಅಗಸನಿಗೆ, ಊರಿಗೆ ಬರೆಯುವ ಕಾಗದಕ್ಕೆ ಉಳಿಯುತ್ತದೆ. ಬಸ್ಸು, ರೈಲಿನ ಖರ್ಚು ಕಾಣಿಸುವುದಿಲ್ಲವೆಂದರೆ, ದಿನಕ್ಕೆ ಎಂಟು ಹತ್ತು ಮೈಲಿ ನಡೆಯುತ್ತಿದ್ದ ಮನುಷ್ಯನ ಲೆಕ್ಕ ಅದು. ಮೂವತ್ತು ವರ್ಷಗಳ ಅಂತರದಲ್ಲಿ ಬರೆದ ಎರಡು ಬರೆಹಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಸಲಹೆಯ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪ್ರಶಂಸೆ ಬೇಕಿಲ್ಲ.

ಈ ಲೆಕ್ಕದ ಬೆಲೆ ತಿಳಿಯಬೇಕಾದರೆ ಗಾಂಧಿಯವರು ಹೊರಟಾಗ ಅವರಿಗೆ ಸಿಕ್ಕ ಸಲಹೆಗಳು ಎಂಥವು ಎಂಬುದನ್ನು ನೋಡಬೇಕು. ಅದು ಆತ್ಮಕಥೆಯಲ್ಲಿದೆ. ಕನ್ನಡಿಗರು ಅದನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದಲ್ಲಿ ಓದಿ ಬಲ್ಲರು. ಮನೆತನದ ಹಿತೈಷಿಗಳಾದ ಮಾವಜಿ ದವೆಯವರು ನಾಲ್ಕೈದು ಸಾವಿರ ರೂಪಾಯಿ ಸಾಕೆಂದರು. ಆ ಹಣವನ್ನು ಹುಡುಕುವುದೇ ಒಂದು ಪುರಾಣವಾಯಿತು. ಚಿಕ್ಕಪ್ಪ ಧರ್ಮದ ಮಾತಾಡಿ ಜಾರಿಕೊಂಡರು. ಪೋರಬಂದರಿನ ಆಡಳಿತ ನೋಡುತ್ತಿದ್ದ ಲೆಲಿ ಸಾಹೇಬರು, ಹುಡುಗ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಮೆಟ್ಟಿಲು ಹತ್ತುತ್ತಲೇ ಕೇಳಿ, ಮೊದಲು ಬಿ.ಎ. ಮುಗಿಸು ಎಂದು ಮೇಲಕ್ಕೆ ಹೋಗಿಬಿಟ್ಟರು. ಹೆಂಡತಿಯ ಒಡವೆಯ ಮೇಲೂ ಕಣ್ಣು ಹೋಯಿತು. ಕೊನೆಗೆ ಅಣ್ಣ ಹೊಣೆ ಹೊತ್ತರು. ಮುಂಬಯಿಗೆ ಬಂದರೆ ಜಾತಿಯ ಪಂಚಾಯಿತಿ ಕೂಡಿತು: ಸಮುದ್ರ ದಾಟಿದರೆ ಬಹಿಷ್ಕಾರ, ಅವನಿಗೆ ಸಹಾಯ ಮಾಡಿದವರಿಗೆ, ಹಡಗುಕಟ್ಟೆಗೆ ಕಳುಹಿಸಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ. ಅಣ್ಣ ಒಪ್ಪಿಸಿಹೋಗಿದ್ದ ದುಡ್ಡನ್ನು ಭಾವ ಈ ಅಪ್ಪಣೆಗೆ ಹೆದರಿ ಕೊಡಲೊಲ್ಲೆನೆಂದರು. ಹುಡುಗ ಇನ್ನೊಬ್ಬರಲ್ಲಿ ಸಾಲ ಮಾಡಿ ಟಿಕೇಟು ಕೊಂಡು, 1888ರ ಸೆಪ್ಟೆಂಬರ್ 4ರಂದು ಹಡಗು ಹತ್ತಿದ. ಇಷ್ಟೊಂದು ಜನ ಇಷ್ಟೊಂದು ಮಾತಾಡಿದರಲ್ಲ, ಅವರಲ್ಲಿ ಒಬ್ಬರೂ ಹಡಗಿನಲ್ಲಿ ಸ್ನಾನಕ್ಕೆ ಕೊಡುವುದು ಸಮುದ್ರದ ನೀರು, ಅದರಲ್ಲಿ ಸಾಬೂನು ಕರಗುವುದಿಲ್ಲ ಎಂಬುದನ್ನು ಹೇಳಲಿಲ್ಲ.

ಇದು ಸಣ್ಣ ವಿಷಯವೆಂದು ತೋರಬಹುದು. ಸಾಬೂನು ಹಚ್ಚುವುದು ನಾಗರಿಕತೆಯ ಲಕ್ಷಣವೆಂದು ಭಾವಿಸಿ ಆ ಹುಡುಗ ದಿನವೂ ಉಪ್ಪುನೀರಿಗೆ ಸಾಬೂನು ಹಚ್ಚಿದ. ಮೈ ಶುದ್ಧವಾಗುವ ಬದಲು ಜಿಡ್ಡಾಯಿತು, ಹುಳುಕಡ್ಡಿ ಎದ್ದಿತು. ಲಂಡನ್ನಿಗೆ ಮುಟ್ಟಿದ ಮೇಲೆ ಡಾಕ್ಟರ್ ಪ್ರಾಣಜೀವನ ಮೆಹತಾ ಹೇಳಿದಂತೆ ಅಸೆಟಿಕ್ ಆಮ್ಲ ಹಚ್ಚಿ, ಉರಿ ತಾಳಲಾರದೆ ಅಳಬೇಕಾಯಿತು. ಧರ್ಮಶಾಸ್ತ್ರ ಬಲ್ಲವರು ಪ್ರಾಯಶ್ಚಿತ್ತದ ಚಿಂತೆಯಲ್ಲಿದ್ದರು. ಚರ್ಮದ ಚಿಂತೆ ಯಾರಿಗೂ ಇರಲಿಲ್ಲ.

ಬಟ್ಟೆಯ ಕಥೆಯೂ ಹಾಗೆಯೇ. ಹಡಗಿನಲ್ಲೆಲ್ಲ ಕಪ್ಪು ಸೂಟು ಧರಿಸಿದ್ದು, ದಡ ಸೇರುವ ದಿನಕ್ಕೆಂದು ಬಿಳಿಯ ಫ್ಲಾನೆಲ್ ಉಡುಪನ್ನು ಎತ್ತಿಟ್ಟಿದ್ದ. ಸೆಪ್ಟೆಂಬರಿನ ಕೊನೆಯಲ್ಲಿ, ಇಂಗ್ಲೆಂಡಿನ ಚಳಿ ಮೊದಲಾಗುವ ಹೊತ್ತಿಗೆ, ಬಿಳಿ ಬಟ್ಟೆ ತೊಟ್ಟು ಇಳಿದವನು ತಾನೊಬ್ಬನೇ ಎಂದು ಅರಿವಾಯಿತು. ಸಾಮಾನನ್ನೂ ಬೀಗದ ಕೈಗಳನ್ನೂ ಉಳಿದವರಂತೆ ಏಜೆಂಟರಿಗೆ ಒಪ್ಪಿಸಿಬಿಟ್ಟಿದ್ದ. ಆ ದಿನ ಶನಿವಾರ. ಮಾರನೆಯ ದಿನ ಭಾನುವಾರ. ಸೋಮವಾರದವರೆಗೆ ಪೆಟ್ಟಿಗೆ ಕೈಗೆ ಬರುವಂತಿಲ್ಲ. ಎರಡು ದಿನ ಆ ಬಿಳಿ ಬಟ್ಟೆಯಲ್ಲಿಯೇ ಹೋಟೆಲಿನಲ್ಲಿ ಕುಳಿತಿರಬೇಕಾಯಿತು. ಮೊದಲ ದಿನಕ್ಕೆ ಬೇಕಾದ ಬಟ್ಟೆಯನ್ನು ಕೈಚೀಲದಲ್ಲಿಟ್ಟುಕೊಳ್ಳಿ ಎಂದು ಇಂದು ನಾವು ಮಕ್ಕಳಿಗೆ ಹೇಳುತ್ತೇವಷ್ಟೆ. ವಿಮಾನದವರು ಪೆಟ್ಟಿಗೆಯನ್ನು ಬೇರೊಂದು ಖಂಡಕ್ಕೆ ಕಳಿಸಿಬಿಟ್ಟಾಗ ಆ ಮಾತಿನ ಸಾರ ತಿಳಿಯುತ್ತದೆ.

ಅಂದು ಸಂಜೆ ನೋಡಲು ಬಂದ ಮೆಹತಾ ಅವರ ಉದ್ದನೆಯ ಟೋಪಿಯ ನುಣುಪನ್ನು ಕಂಡು ಮೋಹಗೊಂಡು, ಹುಡುಗ ಅದರ ಮೇಲೆ ಎದುರು ದಿಕ್ಕಿಗೆ ಕೈಯಾಡಿಸಿದ. ಮೆಹತಾ ತಡೆದರು. ಪರರ ವಸ್ತುವನ್ನು ಮುಟ್ಟಬೇಡ; ಮೊದಲ ಪರಿಚಯದಲ್ಲಿಯೇ ನಮ್ಮೂರಿನಂತೆ ಎಲ್ಲವನ್ನೂ ಕೇಳಬೇಡ; ಗಟ್ಟಿಯಾಗಿ ಮಾತಾಡಬೇಡ; ಮಾತುಮಾತಿಗೆ ‘ಸರ್’ ಎನ್ನಬೇಡ, ಹಾಗೆ ಕರೆಯುವವರು ಇಲ್ಲಿ ಆಳುಗಳು; ಹೋಟೆಲು ದುಬಾರಿ, ಯಾವುದಾದರೂ ಸಂಸಾರದೊಂದಿಗೆ ಇರುವುದು ಲೇಸು—ಇಷ್ಟೇ ಅವರ ಉಪದೇಶದ ಸಾರ. ಐದು ಮಾತು, ಐದೂ ಬಳಸಬಹುದಾದವು. ಮುಂಬಯಿಯ ಪಂಚಾಯಿತಿ ಗಂಟೆಗಟ್ಟಲೆ ಆಡಿದ ಮಾತಿಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಅಳೆಯಲಿ.

ಕೆಟ್ಟ ಸಲಹೆಗೂ ಆತ್ಮಕಥೆಯಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಮಾಂಸವಿಲ್ಲದೆ ಆ ಚಳಿಯಲ್ಲಿ ಬದುಕುವುದು ಅಸಾಧ್ಯವೆಂದು ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಪ್ರಯಾಣಿಕ ಹೇಳಿದ. ಕೆಂಪು ಸಮುದ್ರದವರೆಗೆ ಸರಿ, ಬಿಸ್ಕೆ ಕೊಲ್ಲಿಗೆ ಬಂದಾಗ ನಿನಗೇ ತಿಳಿಯುತ್ತದೆ ಎಂಬುದು ಅವನ ಎಚ್ಚರಿಕೆ. ಕೆಂಪು ಸಮುದ್ರ ಕಳೆಯಿತು, ಬಿಸ್ಕೆ ಕೊಲ್ಲಿಯೂ ಕಳೆಯಿತು. ತಾಯಿಗೆ ಕೊಟ್ಟ ಮಾತು ಹಾಗೆಯೇ ಉಳಿಯಿತು. ಇನ್ನೂ ಸ್ವಾರಸ್ಯವೆಂದರೆ, ಮಾಂಸ ತಿನ್ನಲಿಲ್ಲವೆಂಬುದಕ್ಕೆ ಹುಡುಗ ಪ್ರಮಾಣಪತ್ರವನ್ನೂ ಬರೆಸಿಕೊಂಡ. ಮಾಂಸ ತಿಂದವರಿಗೂ ಅಂಥ ಪತ್ರ ಸಿಗುತ್ತದೆಂದು ಅನಂತರ ತಿಳಿದು, ಪ್ರಮಾಣಪತ್ರಗಳ ಮೇಲಿನ ನಂಬಿಕೆಯೇ ಹೋಯಿತಂತೆ. ನಮ್ಮ ಕಾಲದಲ್ಲಿ ಪರದೇಶಕ್ಕೆ ಹೊರಡುವವರ ಕೈಚೀಲದಲ್ಲಿ ಪ್ರಮಾಣಪತ್ರಗಳ ಭಾರವೇ ಬಟ್ಟೆಗಿಂತ ಹೆಚ್ಚಾಗಿದೆ. ಆ ಮಾತು ಬೇರೆ.

ಇಷ್ಟನ್ನು ಹೇಳಿದ ಮೇಲೆ ಕೈಪಿಡಿಯ ದೋಷಗಳನ್ನೂ ಹೇಳಬೇಕು. ತನಗೆ ಹೊಂದಿದ ಜೀವನಕ್ರಮ ಎಲ್ಲರಿಗೂ ಹೊಂದುತ್ತದೆ ಎಂಬ ಹಠ ಅದರಲ್ಲಿದೆ. ಹೊಸದಾಗಿ ವ್ರತ ಹಿಡಿದವನ ಉತ್ಸಾಹದಿಂದ ಗಾಂಧಿಯವರು ಶಾಕಾಹಾರ, ಕೋಕೋ, ಮಿತವ್ಯಯಗಳನ್ನು ಪ್ರತಿಪಾದಿಸುತ್ತಾರೆ. ಹಸಿವು ಹೆಚ್ಚಾಗಿರುವ, ನಡೆಯಲು ಸೋಮಾರಿಯಾದ, ಶನಿವಾರ ಸಂಜೆ ನಾಟಕ ನೋಡಬೇಕೆನ್ನುವ ಸಾಮಾನ್ಯ ಹುಡುಗನಿಗೆ ಈ ವಾರಕ್ಕೊಂದು ಪೌಂಡು ಬಿಗಿಯಾದ ಅಂಗಿಯಂತೆ. ಶೈಲಿಯೂ ಒಣಗಿದ್ದು, ವಕೀಲರು ಹಾಕುವ ಅರ್ಜಿಯ ವಾಸನೆ ಅಲ್ಲಲ್ಲಿ ಬರುತ್ತದೆ.

ದೊಡ್ಡ ಕೊರತೆ ಇನ್ನೊಂದು. ಆತ್ಮಕಥೆಯಲ್ಲಿ ಲಂಡನ್ನಿನ ಮೊದಲ ರಾತ್ರಿಗಳ ವರ್ಣನೆಯಿದೆ: ಮನೆಯ ನೆನಪು, ತಾಯಿಯ ನೆನಪು, ಕಣ್ಣೀರು, ಯಾರಿಗೂ ಹೇಳಿಕೊಳ್ಳಲಾಗದ ಸಂಕಟ. ಶಿಲ್ಲಿಂಗಿನ ಲೆಕ್ಕ ಎಷ್ಟೇ ಸರಿಯಾಗಿದ್ದರೂ ಅದು ಈ ಕಣ್ಣೀರನ್ನು ಮುಟ್ಟಲಾರದು. ಹಾಗೆಯೇ, ಹತ್ತೊಂಬತ್ತು ಶಿಲ್ಲಿಂಗಿನ ಎತ್ತರದ ಟೋಪಿ, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಸುರಿದು ಹೊಲಿಸಿದ ಸಂಜೆಯ ಉಡುಪು, ಮೂರು ಪೌಂಡು ಕೊಟ್ಟು ಸೇರಿದ ನೃತ್ಯದ ಪಾಠ, ಇನ್ನೊಂದು ಮೂರು ಪೌಂಡಿನ ಪಿಟೀಲು, ಭಾಷಣ ಕಲೆಗೆ ಒಂದು ಗಿನ್ನಿ—ಇವೆಲ್ಲ ಮೂರು ತಿಂಗಳ ಮೋಹವೆಂದು ಗಾಂಧೀಜಿ ಆತ್ಮಕಥೆಯಲ್ಲಿ ನಗುನಗುತ್ತ ಹೇಳಿಕೊಳ್ಳುತ್ತಾರೆ. 1925ರಲ್ಲಿ ಆ ಬರೆಹ ಮೊದಲಾದಾಗ ಅವರಿಗೆ ಐವತ್ತಾರು. ನಗುವ ಹಕ್ಕು ಸಂಪಾದಿಸಿದ್ದರು. ಇಪ್ಪತ್ತನಾಲ್ಕರ ಕೈಪಿಡಿಕಾರ ಮಾತ್ರ ಲೆಕ್ಕದ ಪುಸ್ತಕವನ್ನು ಮುಂದಿಟ್ಟುಕೊಂಡು, ಬಹಳ ಗಂಭೀರವಾಗಿ, ಎಲ್ಲವನ್ನೂ ಮೊದಲಿನಿಂದಲೇ ಬಲ್ಲವನಂತೆ ಮಾತಾಡುತ್ತಾನೆ. ಸಲಹೆಯ ಪುಸ್ತಕಗಳ ಹುಟ್ಟುಗುಣವೇ ಇದು. ಬೆಲೆ ಹೇಳುವ ಪುಸ್ತಕದಲ್ಲಿ ಅಂಜಿಕೆ ಕಾಣುವುದಿಲ್ಲ. ಅಂಜಿಕೆ ಹೇಳುವ ಪುಸ್ತಕಕ್ಕೆ ಬೆಲೆ ಹೇಳುವ ಅವಸರವಿಲ್ಲ.

ಕನ್ನಡದ ಪ್ರವಾಸ ಸಾಹಿತ್ಯ ಈ ಎರಡನೆಯ ದಾರಿಯನ್ನೇ ಹೆಚ್ಚಾಗಿ ಹಿಡಿದಿದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಇವುಗಳನ್ನು ಓದಿ ಊರಿನ ಖರ್ಚು ಅಂದಾಜು ಮಾಡಲು ಯಾರೂ ಕೂರುವುದಿಲ್ಲ. ಅವುಗಳ ಗುರಿಯೂ ಅದಲ್ಲ. ಗಾಂಧೀಜಿಯ ಮೊದಲ ಪ್ರಯಾಣವನ್ನು ಕನ್ನಡಕ್ಕೆ ತಂದ ಗೊರೂರರು ತಾವೇ ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿಬಂದು ‘ಅಮೆರಿಕಾದಲ್ಲಿ ಗೊರೂರು’ ಬರೆದರು. 1980ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಹೆಸರನ್ನು ಗಮನಿಸಿ: ಅಮೆರಿಕಕ್ಕಿಂತ ಅಲ್ಲಿಗೆ ಹೋದ ಗೊರೂರು ಮುಖ್ಯ. ಮೂರ್ತಿರಾಯರ ಶೀರ್ಷಿಕೆಯಲ್ಲಿಯೂ ಹೋದವನ ವಯಸ್ಸೇ ಮುಂದೆ ನಿಂತಿದೆ. ಇದು ಸಾಹಿತ್ಯಕ್ಕೆ ಲಾಭ. ಆದರೆ ಮನೆಯ ಪತ್ರವನ್ನು ಬ್ಯಾಂಕಿನಲ್ಲಿಟ್ಟು ಮಗಳನ್ನು ಓದಲು ಕಳಿಸುವ ತಂದೆಗೆ ಬೇಕಾದದ್ದು, ಅಲ್ಲಿ ಒಂದು ಕೋಣೆಗೆ ನಿಜವಾಗಿ ಎಷ್ಟು ಕೊಡಬೇಕು, ಓದಿನ ಜೊತೆ ದುಡಿಮೆಗೆ ಕಾನೂನು ಎಷ್ಟು ಗಂಟೆಯ ಅವಕಾಶ ಕೊಡುತ್ತದೆ, ಕಾಯಿಲೆಯಾದರೆ ವಿಮೆ ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂಬ ಲೆಕ್ಕ. ಈ ಲೆಕ್ಕವನ್ನು ಅಲ್ಲಿರುವ ನಮ್ಮವರು ಬಲ್ಲರು. ಬಾಯಿಬಿಟ್ಟು ಹೇಳುವವರು ಕಡಮೆ. ರಜೆಗೆ ಬಂದವರು ಸಂಬಳದ ಅಂಕಿಯನ್ನು ಹೇಳುವಷ್ಟು ಸಲೀಸಾಗಿ ಬಾಡಿಗೆಯ ಅಂಕಿಯನ್ನು ಹೇಳಿದ್ದನ್ನು ನಾನಂತೂ ಅಪರೂಪವಾಗಿ ಕೇಳಿದ್ದೇನೆ. ನೂರಮೂವತ್ತು ವರ್ಷಗಳ ಹಿಂದೆ, ಕೈಯಲ್ಲಿ ಕಾಸಿಲ್ಲದ ಒಬ್ಬ ತರುಣ ಬ್ಯಾರಿಸ್ಟರು ತಾನು ಗಂಜಿ ಕುಡಿದ ಲೆಕ್ಕವನ್ನು ಊರಿಗೆಲ್ಲ ಓದಿಸಲು ಹೊರಟದ್ದು ಎಂಥ ನಡತೆಯೆಂಬುದು ಆಗ ಅರ್ಥವಾಗುತ್ತದೆ.

ಬೆಲೆಯನ್ನೂ ಅಂಜಿಕೆಯನ್ನೂ ಒಟ್ಟಿಗೆ ಹೇಳಿದ ಬರೆಹ ಒಂದಾದರೂ ಇದೆಯೇ? ಇದೆ, ಅದೂ ಗಾಂಧಿಯವರದೇ. ಲಂಡನ್ನಿಗೆ ಮುಟ್ಟಿ ಆರು ವಾರವಾದ ಮೇಲೆ, 1888ರ ನವೆಂಬರ್ 12ರಂದು, ಹತ್ತೊಂಬತ್ತು ವರ್ಷದ ಹುಡುಗ ತಪ್ಪುತಪ್ಪು ಇಂಗ್ಲಿಷಿನಲ್ಲಿ ಒಂದು ದಿನಚರಿಯನ್ನು ಬರೆಯಲು ಆರಂಭಿಸಿದ. ಏಡನ್ನಿನಲ್ಲಿ ಪ್ರಯಾಣಿಕರು ಎಸೆದ ಕಾಸಿಗಾಗಿ ನೀರಿಗೆ ಧುಮುಕುವ ಹುಡುಗರು, ಸೂಯೆಜ್ ಕಾಲುವೆ ತೋಡಿದವನ ಬುದ್ಧಿಗೆ ಬೆರಗು, ಪೋರ್ಟ್ ಸೈದಿನ ವ್ಯಾಪಾರಿಗಳ ಮೋಸ, ಎಲ್ಲವೂ ಅದರಲ್ಲಿವೆ. ಹಡಗು ಇಟಲಿಯ ಬ್ರಿಂಡಿಸಿಯನ್ನು ಮುಟ್ಟುವ ಹೊತ್ತಿಗೆ ಬರೆಹದ ರೀತಿ ಥಟ್ಟನೆ ಬದಲಾಗುತ್ತದೆ. ಅಲ್ಲಿಯವರೆಗೆ ‘ನಾನು’ ಎಂದು ಬರೆಯುತ್ತಿದ್ದವನು ‘ನೀನು’ ಎನ್ನತೊಡಗುತ್ತಾನೆ. ಕಪ್ಪು ಮೈಬಣ್ಣದವನಾಗಿ ನೀನು ಆ ಬಂದರಿನಲ್ಲಿ ಇಳಿದರೆ ಒಬ್ಬ ದಲ್ಲಾಳಿ ಹತ್ತಿರ ಬಂದು ಹೆಣ್ಣಿನ ಆಮಿಷ ಒಡ್ಡುತ್ತಾನೆ, ನಿನಗೆ ದಿಕ್ಕುತೋಚದಂತಾಗುತ್ತದೆ, ಶಾಂತನಾಗಿ, ಧೈರ್ಯವಾಗಿ ಬೇಡವೆಂದು ಹೇಳಿ ಕಳಿಸು. ತೊಂದರೆಯೆನಿಸಿದರೆ ಪೋಲೀಸಿನವನ ಬಳಿಗೆ ಹೋಗು. ಇಲ್ಲವೇ ಯಾವುದಾದರೂ ದೊಡ್ಡ ಕಟ್ಟಡವನ್ನು ಹೊಕ್ಕುಬಿಡು. ಆದರೆ ಒಳಗೆ ಹೋಗುವ ಮೊದಲು ಹೆಸರಿನ ಹಲಗೆ ಓದು. ಅದು ಎಲ್ಲರಿಗೂ ತೆರೆದದ್ದೇ ಎಂದು ನೋಡಿಕೋ. ದೊಡ್ಡ ಕಟ್ಟಡವೆಂದರೆ ಥಾಮಸ್ ಕುಕ್ಕಿನಂಥ ಪ್ರವಾಸದ ಏಜೆಂಟರದು. ಬಾಗಿಲಲ್ಲಿರುವ ಆಳಿಗೆ ಕಷ್ಟ ಹೇಳಿಕೋ, ಆಗ ಜಿಪುಣತನ ಮಾಡದೆ ಅವನ ಕೈಗೆ ಏನಾದರೂ ಹಾಕು. ಇಂಥ ಕಟ್ಟಡಗಳು ಇರುವುದು ದಡದ ಹತ್ತಿರ ಮಾತ್ರ. ದೂರ ಹೋಗಿಬಿಟ್ಟಿದ್ದು, ಪೋಲೀಸಿನವನೂ ಕಾಣದಿದ್ದರೆ, ನಿನ್ನ ಅಂತಃಸಾಕ್ಷಿಯೇ ನಿನಗೆ ದಾರಿ.

ಆ ಹುಡುಗನಿಗೆ ಅಲ್ಲಿ ಏನು ನಡೆಯಿತೆಂದು ದಿನಚರಿ ಬಿಡಿಸಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಹೆಸರಿನ ಹಲಗೆ ಓದಿಕೋ ಎಂಬ ಮಾತಿನಲ್ಲಿಯೇ ಎದೆಬಡಿತ ಕೇಳಿಸುತ್ತದೆ. ಬಾಗಿಲ ಆಳಿಗೆ ಕಾಸು ಕೊಡು ಎಂಬಲ್ಲಿ ಮುಂದಿನ ಕೈಪಿಡಿಕಾರನೂ, ಅಂತಃಸಾಕ್ಷಿಯ ಮಾತಿನಲ್ಲಿ ಮುಂದಿನ ಗಾಂಧೀಜಿಯೂ ಇಣುಕುತ್ತಾರೆ. ಪೋಲೀಸಿನವನು ಮೊದಲು, ಅಂತಃಸಾಕ್ಷಿ ಅನಂತರ ಎಂಬ ಆ ಕ್ರಮವನ್ನು ಐವತ್ತಾರರ ಗಾಂಧೀಜಿ ತಿದ್ದಿಬಿಡುತ್ತಿದ್ದರೋ ಏನೋ. ಕಲೆಯ ದೃಷ್ಟಿಯಿಂದ ನೋಡಿದರೆ ಮೂರು ಬರೆಹಗಳಲ್ಲಿ ಇದು ತೀರ ಒರಟು. ಆದರೂ ಮೊದಲ ಪ್ರಯಾಣದ ಕೈಗೆ ಒಂದೇ ಒಂದು ಪುಟವನ್ನು ಕೊಡಬೇಕೆಂದರೆ ನಾನು ಇದನ್ನು ಕೊಡುತ್ತೇನೆ.

ಗಾಂಧೀಜಿಯೂ ಕೊಟ್ಟದ್ದು ಇದನ್ನೇ. ಸುಮಾರು ಇಪ್ಪತ್ತು ವರ್ಷಗಳ ತರುವಾಯ, ದಕ್ಷಿಣ ಆಫ್ರಿಕದಲ್ಲಿ ತಮ್ಮ ಸಂಗಡವಿದ್ದ ಬಂಧು ಛಗನ್‌ಲಾಲ್ ಗಾಂಧಿ ಮೊದಲ ಸಲ ಲಂಡನ್ನಿಗೆ ಹೊರಟಾಗ, ಉಪಯೋಗಕ್ಕೆ ಬಂದೀತೆಂದು ಈ ದಿನಚರಿಯನ್ನು ಅವರ ಕೈಗಿತ್ತರು. ಅದು ನೂರಿಪ್ಪತ್ತು ಪುಟಗಳಷ್ಟು ಇತ್ತಂತೆ. ಮೂಲ ಪ್ರತಿ ಇಂದು ಇಲ್ಲ. ಛಗನ್‌ಲಾಲರು ತಮ್ಮ ಪುಸ್ತಕದಲ್ಲಿ ನಕಲು ಮಾಡಿಟ್ಟುಕೊಂಡಿದ್ದ ಇಪ್ಪತ್ತು ಪುಟಗಳು ಮಾತ್ರ ಉಳಿದು, ಕೈಪಿಡಿಯಿರುವ ಸಂಪುಟದಲ್ಲಿಯೇ ಅಚ್ಚಾಗಿವೆ. ಬ್ರಿಂಡಿಸಿಯ ಪುಟ ಆ ಇಪ್ಪತ್ತರಲ್ಲಿ ಸೇರಿದೆ.